ಸಾಬಣ್ಣ ಐ.ಪಿ. ಹಾಕಲಿಲ್ಲ

ರಾಯಚೂರು ಕೋರ್ಟಿನ ಎದುರು, ವಕೀಲರೊಬ್ಬರ ಕಟ್ಟೆಯ ಮೇಲೆ ಟೈಪ್ ಮಷೀನು ಇಟ್ಟುಕೊಂಡು ಕೂರುತ್ತಿದ್ದ ಹುಸೇನಪೀರ ನಾನು. ಅರ್ಜಿಯಲ್ಲಿ ಇರುವುದು ನಿಜವೋ ಸುಳ್ಳೋ ಕೇಳುವುದು ನನ್ನ ಕೆಲಸವಲ್ಲ ಎಂದು ಹನ್ನೆರಡು ವರ್ಷ ನಂಬಿಕೊಂಡಿದ್ದೆ. ನಾಚಿಕೆಗೇಡು!

೧೯೭೮ರಲ್ಲಿ ದೇವದುರ್ಗದ ಕುರಿ ವ್ಯಾಪಾರಿ ಸಾಬಣ್ಣ ಬಂದು ನನ್ನ ಮುಂದೆ ಕೂತ. ಅವನು ಕುರಿಗಾರರಿಂದ ಉದ್ರಿಗೆ ಕುರಿ ಕೊಂಡು ರಾಯಚೂರಿನ ಒಬ್ಬ ಸೇಠನಿಗೆ ಮಾರುತ್ತಿದ್ದ. ಆ ಸೇಠ ಎಂಟು ಸಾವಿರ ಬಾಕಿ ಉಳಿಸಿಕೊಂಡು ಐ.ಪಿ. ಹಾಕಿದ್ದ, ಅಂದರೆ ದಿವಾಳಿ ಎದ್ದೆನೆಂದು ಕೋರ್ಟಿಗೆ ಬರೆದುಕೊಟ್ಟಿದ್ದ. ಅತ್ತ ಹೆಂಡತಿಯ ಹೆಸರಿನಲ್ಲಿ ಮಹಡಿ ಮನೆ ಏಳುತ್ತಲೇ ಇತ್ತು. ಕುರಿಗಾರರ ಸಾಲ ಮಾತ್ರ ಸಾಬಣ್ಣನ ತಲೆಗೆ ಬಂತು. ನೀನೂ ಐ.ಪಿ. ಹಾಕಿಬಿಡು ಎಂದು ನಮ್ಮ ವಕೀಲರು ಅವನಿಗೆ ಬುದ್ಧಿ ಹೇಳಿದ್ದರು.

ಅರ್ಜಿ ಟೈಪ್ ಮಾಡಿ, ಸಹಿಗೆ ಮೊದಲು ಓದಿದೆ: "ಸಾಲ ತೀರಿಸುವ ಶಕ್ತಿ ನನಗಿಲ್ಲ..."

ಸಾಬಣ್ಣ ಎದ್ದು ನಿಂತ. "ತಡೀರಿ ಪೀರಣ್ಣ. ಕೊಡಾಕ ಆಗಂಗಿಲ್ಲ ಅಂತ ನಾ ಯಾವಾಗ ಅಂದೀನ್ರೀ? ನಾ ಗಡುವು ಕೇಳಾಕ ಬಂದೀನಿ."

ಪುಣ್ಯಾತ್ಮ, ಐ.ಪಿ. ಎಂದರೆ ಕೋರ್ಟಿನ ಮೂಲಕ ಗಡುವು ಕೇಳುವ ಕಾಗದ ಎಂದುಕೊಂಡಿದ್ದ! ಸಾಲ ಕೊಟ್ಟವರ ಪಟ್ಟಿ ಓದಿಸಿದ. ವ್ಯಾಪಾರಕ್ಕೆ ದುಡ್ಡು ಕೊಟ್ಟು ಸಾಲಪತ್ರ ಬರೆಸಿಕೊಂಡಿದ್ದ ಇಬ್ಬರು ಸಾಹುಕಾರರ ಹೆಸರಷ್ಟೇ ಇತ್ತು.

"ಕುರಿ ಕೊಟ್ಟ ಮಲ್ಲಟದ ಆದೆಮ್ಮನ ಹೆಸರು ಎಲ್ಲಿ?"

ಒಳಗಿನಿಂದ ವಕೀಲರು ಕೂಗಿದರು. "ಆಕಿ ಹತ್ರ ಕಾಗದ ಅದ ಏನು? ಟವೆಲ್ ಕೆಳಗಿನ ಸಾಲಕ್ಕ ಸಾಕ್ಷಿ ಯಾರಪಾ? ಬಿಟ್ಟುಬಿಡು."

ನಮ್ಮ ಕಡೆ ಕುರಿಯ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಕೈಗಳ ಮೇಲೆ ಟವೆಲ್ ಹೊದಿಸಿ, ಬೆರಳು ಹಿಡಿದು ತೀರ್ಮಾನಿಸುತ್ತಾರೆ. ಎಷ್ಟಕ್ಕೆ ಕುದುರಿತೆಂದು ಇಬ್ಬರಿಗೇ ಗೊತ್ತು.

"ನನ್ನ ಕೈನ ಸಾಕ್ಷಿ ರೀ," ಎಂದ ಸಾಬಣ್ಣ. "ಇದಕ್ಕ ಸಹಿ ಹಾಕಿದ ಕೈಯನ್ನ ನಾಳಿ ಸಂತ್ಯಾಗ ಯಾರು ಹಿಡೀತಾರ?"

ನಾನು ಹಾಳೆ ಎಳೆದು ಹರಿದುಹಾಕಿದೆ. ಇನ್ನು ಮೇಲೆ ನನ್ನ ಕಟ್ಟೆ ಹತ್ತಬೇಡ ಎಂದರು ವಕೀಲರು. ಮಷೀನು ಹೊತ್ತುಕೊಂಡು ಇಳಿದೆ. ರಸ್ತೆ ಬದಿಯಲ್ಲೇ ಕೂತು ಹೊಸ ಕರಾರು ಹೊಡೆದೆ. ತಿಂಗಳು ತಿಂಗಳು ಕಂತು, ಎಲ್ಲರಿಗೂ ಅವರವರ ಸಾಲಕ್ಕೆ ತಕ್ಕಷ್ಟು, ಬಡ್ಡಿ ಮಾತ್ರ ಬಿಡಬೇಕು.

ಮುಂದಿನ ವಾರ ಮಾನ್ವಿ ಸಂತೆಯಲ್ಲಿ ಎಲ್ಲರನ್ನೂ ಕೂಡಿಸಿದೆವು. ಐ.ಪಿ. ಬಿದ್ದರೆ ಕವಡೆಯೂ ಸಿಗದೆಂದು ಗೊತ್ತಿದ್ದ ಸಾಹುಕಾರರು ಗೊಣಗುತ್ತಲೇ ಸಹಿ ಹಾಕಿದರು. ಒಂಬತ್ತು ಟಗರು ಉದ್ರಿ ಕೊಟ್ಟಿದ್ದ ಮುದುಕಿ ಆದೆಮ್ಮ ಕಾಗದ ಮುಟ್ಟಲೇ ಇಲ್ಲ.

"ಟವೆಲ್ ಹಾಕು," ಎಂದಳು.

ಟವೆಲಿನ ಕೆಳಗೆ ಇಬ್ಬರ ಬೆರಳುಗಳು ಬಹಳ ಹೊತ್ತು ಮಾತಾಡಿದವು. ಎಷ್ಟು ಕಂತಿಗೆ ಒಪ್ಪಿದಳೋ ತಿಳಿಯದು, ಸಾಬಣ್ಣನ ಕಣ್ಣು ತುಂಬಿಬಂತು.

"ಅಳಬ್ಯಾಡ. ಬರೋ ಸಂತಿಗೆ ಬಾ, ಮತ್ತ ಕುರಿ ಕೊಡ್ತೀನಿ," ಎಂದಳು ಆದೆಮ್ಮ.

ನನಗೂ ಎದೆ ಉಬ್ಬಿತ್ತು, ಸುಳ್ಳು ಯಾಕೆ ಹೇಳಲಿ. ಆಗ ಆಕೆ ನನ್ನ ಕಡೆ ತಿರುಗಿದಳು.

"ಆ ಸೇಠಂದು ಐ.ಪಿ. ಅರ್ಜಿ ಬರದಾಂವ ಯಾರಪಾ?"

ಸಾಬಣ್ಣನಿಗೂ ನಾನದನ್ನು ಹೇಳಿರಲಿಲ್ಲ.

"ನಾನೇ, ಯವ್ವಾ."

"ಎಷ್ಟು ತಗೊಂಡಿ?"

ಬಾಯಿಬಿಟ್ಟು ಹೇಳಲಾಗಲಿಲ್ಲ. ಟವೆಲಿನ ಕೆಳಗೆ ಕೈ ತೂರಿಸಿ ಆಕೆಯ ಐದೂ ಬೆರಳುಗಳನ್ನು ಎರಡು ಸಲ ಹಿಡಿದೆ.

ಆದೆಮ್ಮ ಟವೆಲ್ ಕಿತ್ತೆಸೆದಳು. ಸಂತೆಗೆಲ್ಲ ಕೇಳುವಂತೆ ಕೂಗಿದಳು.

"ಹತ್ತು ರೂಪಾಯಿ! ಕೇಳ್ರೆಪಾ, ಬರೇ ಹತ್ತು ರೂಪಾಯಿ!"