ಅಟ್ಟ ಹತ್ತಿ ಇಳಿಯುತ್ತಿದ್ದ ರೊಟ್ಟಿ

ಉತ್ತರದ ಚಳಿನಾಡಿನ ಹೌಕಿಯೋಕಿ ಊರಿನ ಬೇಕರಿಯಲ್ಲಿ ನಾನು ಇಪ್ಪತ್ತೆರಡು ವರ್ಷ ರೊಟ್ಟಿಯ ಪೊಟ್ಟಣ ಕಟ್ಟಿದವಳು. ಈಗಲೂ ಎಲ್ಲಾದರೂ ರೈ ಎಂಬ ಧಾನ್ಯದ ಹಿಟ್ಟು ಹುಳಿ ಬಂದ ವಾಸನೆ ಮೂಗಿಗೆ ತಾಕಿದರೆ, ನಮ್ಮ ಹಿಲ್ಯಾ ಕಣಕದ ಮೇಲೆ ಬೆರಳಿನಿಂದ ಶಿಲುಬೆ ಎಳೆದು, "ದೇವರೇ, ಇದು ಹಸಿದವರ ಹೊಟ್ಟೆ ಸೇರಲಿ" ಎನ್ನುತ್ತಿದ್ದುದು ಕಣ್ಣಮುಂದೆ ಬರುತ್ತದೆ.

ಬೇಕರಿ ಹಿಲ್ಯಾ ಮತ್ತು ಅವಳ ಅಣ್ಣ ತೌನೊ ಇಬ್ಬರದು. ಅವರ ಅಮ್ಮನಿಂದ ಬಂದದ್ದು. ಒಂದು ವರ್ಷ, ಎಲೆ ಉದುರುವ ಕಾಲದಲ್ಲಿ, ಶಾಲೆಯ ಅಡುಗೆಮನೆಯಿಂದ ಕಾಗದ ಬಂತು. "ನಿಮ್ಮ ರೊಟ್ಟಿ ತಡವಾಗಿ ಬರುತ್ತದೆ, ಬಂದದ್ದೂ ಗಟ್ಟಿ. ಮಕ್ಕಳು ಕಚ್ಚಿ ಬಿಟ್ಟುಬಿಡುತ್ತಾರೆ. ಕ್ರಿಸ್ಮಸ್ ಒಳಗೆ ಸರಿಹೋಗದಿದ್ದರೆ ಬೇರೆ ಕಡೆಯಿಂದ ತರಿಸುತ್ತೇವೆ." ನಾವು ಸುಡುತ್ತಿದ್ದುದರಲ್ಲಿ ಅರ್ಧ ಆ ಶಾಲೆಗೇ ಹೋಗುತ್ತಿತ್ತು. ಅದು ತಪ್ಪಿದರೆ ನಮ್ಮ ಒಲೆ ಆರಿದಂತೆಯೇ.

ಕಾಫಿಯ ಹೊತ್ತಿಗೆ ಜಗಳ ಶುರುವಾಯಿತು.

"ಈ ಒನ್ನಿ ಗಾಡಿ ನಿಲ್ಸಿ ದಾರೀಲಿ ಮೀನು ಹಿಡೀತಾ ಕೂತಿರ್ತಾನೆ, ಅದಕ್ಕೇ ತಡ," ಎಂದ ತೌನೊ.

"ರೊಟ್ಟಿ ಕೊಟ್ರೆ ತಾನೇ ಗಾಡಿ ಹೊರಡೋದು? ನಿಮ್ಮ ಬಾಗಿಲಲ್ಲಿ ಕಾದೂ ಕಾದೂ ನನಗೇ ಬೂಷ್ಟು ಬಂದಿದೆ!" ಎಂದ ಗಾಡಿ ಓಡಿಸುವ ಒನ್ನಿ.

ಹಿಲ್ಯಾಳ ಗೆಳತಿ ಮರ್ಯತ್ತಾ ಅಲ್ಲೇ ಇದ್ದಳು. ಕಾಗದದ ಕಾರ್ಖಾನೆಯಲ್ಲಿ ಕೆಲಸದ ಕ್ರಮ ನೋಡಿಕೊಳ್ಳುತ್ತಿದ್ದು ನಿವೃತ್ತಳಾದವಳು.

"ಯಾರನ್ನೂ ಬೈಬೇಡಿ. ಒಂದು ರೊಟ್ಟಿ ಹಿಂದೆ ನಡೀರಿ. ಅದು ಎಲ್ಲಿಗೆ ಹೋಗುತ್ತೆ, ಎಲ್ಲಿ ಸುಮ್ನೆ ಕೂರುತ್ತೆ, ಅಷ್ಟೂ ಬರೀರಿ."

"ನಲವತ್ತು ವರ್ಷದಿಂದ ಸುಡ್ತಿದ್ದೀನಿ. ನನ್ನ ರೊಟ್ಟಿ ದಾರಿ ನನಗೆ ಗೊತ್ತಿಲ್ವೇನೇ?" ಎಂದ ತೌನೊ.

"ಗೊತ್ತಿದ್ರೆ ಬರೆಯೋಕೇನು ಕಷ್ಟ, ಮಾರಾಯ?"

ಗೋಡೆಗೆ ಅಂಟಿಸುವ ಹೂವಿನ ಕಾಗದದ ಸುರುಳಿಯೊಂದು ಉಳಿದಿತ್ತು. ಅದರ ಬೆನ್ನನ್ನು ಮುಂದೆ ಮಾಡಿ ಗೋಡೆಯುದ್ದಕ್ಕೂ ಮೊಳೆ ಹೊಡೆದು ಹರಡಿದೆವು. ಕೆಲಸಕ್ಕೊಂದು ಚೌಕ, ಕಾಯುವುದಕ್ಕೊಂದು ಸೊನ್ನೆ, ನಡುವೆ ಬಾಣ. ಪಕ್ಕದಲ್ಲಿ ಹಿಡಿಯುವ ಹೊತ್ತು.

"ಹೇಗೆ ಮಾಡಬೇಕು ಅಂತಲ್ಲ, ಹೇಗೆ ಮಾಡ್ತಿದ್ದೀರಿ ಅಂತ ಬರೀರಿ. ಒನ್ನಿನೂ ಹೇಳ್ಲಿ, ಕಟ್ಟೋಳೂ ಹೇಳ್ಲಿ," ಎಂದು ಮರ್ಯತ್ತಾ ಎಚ್ಚರಿಸಿದಳು.

ಎಷ್ಟು ರೊಟ್ಟಿ ಬೇಕೆಂದು ಶಾಲೆಯವರು ಫೋನಿನಲ್ಲಿ ಹೇಳಿದ್ದು ಹಿಲ್ಯಾಳ ಮನೆಯ ಕ್ಯಾಲೆಂಡರಿನಲ್ಲೇ ಅರ್ಧ ದಿನ ಉಳಿಯುತ್ತಿತ್ತು. ಒಂದು ಸೊನ್ನೆ. ಹಿಟ್ಟು ಹುಳಿ ಬರಬೇಕು. ಆ ಕಾಯುವಿಕೆ ಬೇಕೇ ಬೇಕು. ನಾದುವುದು, ತಟ್ಟುವುದು, ಸುಡುವುದು, ಕಟ್ಟುವುದು ಎಲ್ಲಾ ಸೇರಿ ನಾಲ್ಕು ಗಂಟೆ. ಸುಟ್ಟದ್ದಕ್ಕೂ ಕಟ್ಟಿದ್ದಕ್ಕೂ ನಡುವೆ, ಅಟ್ಟದ ಮೇಲೆ, ಒಂದೂವರೆ ದಿನದ ದೊಡ್ಡ ಸೊನ್ನೆ.

"ಅಟ್ಟಕ್ಕೆ ಯಾಕೆ?" ಕೇಳಿದಳು ಮರ್ಯತ್ತಾ.

"ಒಣಗೋಕೆ."

"ಯಾಕೆ ಒಣಗಬೇಕು?"

ತೌನೊ ಅಮ್ಮನ ಕಾಲದ ಮಾತು ತೆಗೆದ.

ಅವರ ಅಮ್ಮ ವರ್ಷಕ್ಕೆ ಎರಡೇ ಸಲ ಸುಡುತ್ತಿದ್ದರು. ನಡುವೆ ತೂತಿರುವ ರೊಟ್ಟಿಗಳನ್ನು ಕೋಲಿಗೆ ಪೋಣಿಸಿ ಮಾಡಿನ ಕೆಳಗೆ ತೂಗುಹಾಕಿದರೆ ಚಳಿಗಾಲವಿಡೀ ಬರುತ್ತಿದ್ದವು. ಅಣ್ಣ ತಂಗಿ ಅದರಡಿ ಅಂಗಾತ ಮಲಗಿ, ರೊಟ್ಟಿಯ ತೂತಿನಲ್ಲಿ ಬೆಳಕು ನೋಡುತ್ತಿದ್ದರಂತೆ. ಆ ಕಾಲ ಹೋಗಿತ್ತು. ಈಗ ದಿನವೂ ಒಲೆ ಉರಿಯುತ್ತಿತ್ತು. ರೊಟ್ಟಿ ಮಾತ್ರ ಇನ್ನೂ ಅಟ್ಟ ಹತ್ತುತ್ತಿತ್ತು.

"ಹಾಗಾದ್ರೆ ಅಮ್ಮನ ಕೋಲು ಇಳಿಸಬೇಕಾ?" ತೌನೊನ ದನಿ ಸಣ್ಣದಾಯಿತು.

"ಕೋಲು ಇರ್ಲಿ ಅಣ್ಣ. ಗಟ್ಟಿ ರೊಟ್ಟೀನೇ ಬೇಕು ಅನ್ನೋ ಅಜ್ಜಂದಿರಿಗೆ ಅಲ್ಲೇ ತೂಗ್ಲಿ. ಮಕ್ಕಳದ್ದು ಬೇಡ. ನಮ್ಮಮ್ಮ ಹಸಿದ ಮಗೂನ ಒಂದೂವರೆ ದಿನ ಕಾಯಿಸ್ತಿದ್ಲಾ?" ಎಂದಳು ಹಿಲ್ಯಾ.

ಸೋಮವಾರದಿಂದ ಶಾಲೆಯ ರೊಟ್ಟಿ ಒಲೆಯಿಂದ ಇಳಿದು, ಆರಿ, ನೇರ ನನ್ನ ಕೈಗೆ ಬಂತು. ಫೋನಿನಲ್ಲಿ ಬಂದ ಲೆಕ್ಕವನ್ನು ಕೂಡಲೇ ಕಣಕದ ತೊಟ್ಟಿಯ ಮೇಲೆ ತೂಗಿದ ಹಲಗೆಯಲ್ಲಿ ಬರೆಯತೊಡಗಿದೆವು. ಮೊದಲ ದಿನ ಒನ್ನಿಯ ಜೊತೆ ತೌನೊ ತಾನೂ ಗಾಡಿ ಹತ್ತಿ ಹೋದ. ಮಕ್ಕಳು ಉಣ್ಣುವ ಕೋಣೆಯ ಬಾಗಿಲಲ್ಲಿ ಟೋಪಿ ತೆಗೆದು ನಿಂತ. ಅಡುಗೆಯಾಕೆ ಖಾಲಿ ಬುಟ್ಟಿ ಅವನ ಕೈಗಿಟ್ಟು, "ನಾಳೆ ಇನ್ನೂ ಇಪ್ಪತ್ತು ಜಾಸ್ತಿ ಕಳ್ಸಿ" ಎಂದಳು. ಬುಟ್ಟಿಯನ್ನು ಎದೆಗೊತ್ತಿಕೊಂಡೇ ಅವನು ಬೇಕರಿಗೆ ಮರಳಿದ ಎಂದು ಒನ್ನಿ ಹೇಳಿದ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಅಂಗಡಿಯಲ್ಲಿ, ಹೊಲಿಗೆಯ ಸಂಘದಲ್ಲಿ, ಹಾಲಿನ ಡೈರಿಯಲ್ಲಿ ಕೆಲಸ ತಡವಾಗುತ್ತಿದ್ದರೆ, ಬೈಯುವ ಮೊದಲು ಒಂದು ದೊಡ್ಡ ಕಾಗದ ಹಾಸಿ. ಕೆಲಸ ಮಾಡುವವರನ್ನೆಲ್ಲ ಸುತ್ತ ಕೂರಿಸಿ. ಒಂದೇ ಒಂದು ವಸ್ತುವಿನ ದಾರಿಯನ್ನು ಮೊದಲಿನಿಂದ ಕೊನೆಯವರೆಗೆ, ಇದ್ದದ್ದು ಇದ್ದ ಹಾಗೆ ಬರೆಯಿರಿ. ಅದು ನಿಂತಲ್ಲೆಲ್ಲ, ಯಾಕೆ ನಿಂತಿದೆ ಎಂದು ಪ್ರೀತಿಯಿಂದ ಕೇಳಿ. ಹಿರಿಯರು ಮಾಡಿದ್ದಕ್ಕೆ ಕಾರಣವಿತ್ತು. ಆ ಕಾರಣ ಇಂದಿಗೂ ಇದೆಯೇ ಎಂದು ನೋಡುವುದು ನಮಗೆ ಬಿಟ್ಟ ಕೆಲಸ.