ಕುಡಿದ ಕೂಡಲೇ ಉಜ್ಜಿಸಿದ ಹಲ್ಲು

ಶಾಲೆಗೆ ಬೇಗನೆ ಶರಣು ಹೊಡೆದ ನಾನು ತಂಪು ಪಾನೀಯದ ಗಾಡಿಯಲ್ಲಿ ಲೋಡರ್. ಲೇಬಲ್ ಹರಿದ ಬಾಟಲಿಗಳನ್ನು ಅಂಗಡಿಯವರು ಮುಟ್ಟುವುದಿಲ್ಲ. ದಿನಕ್ಕೊಂದನ್ನು ಅಕ್ಕನಿಗೆ ಗೊತ್ತಾಗದಂತೆ ಅವಳ ಮಗಳಿಗೆ ಕದ್ದು ಕೊಡುತ್ತಿದ್ದೆ.

"ಅಮ್ಮ ಪೊಲೀಸ್ ನಾಯಿ ಥರ ಬಾಯಿ ಮೂಸ್ತಾಳೆ ಮಾವ."

"ಹಾಗಾದ್ರೆ ಈಗ್ಲೇ ಗಸಗಸ ಉಜ್ಜು ಪುಟ್ಟಿ. ವಾಸನೇನೂ ಹೋಗುತ್ತೆ, ಹಲ್ಲಿಗೂ ಒಳ್ಳೇದು."

ಎಂಟು ವರ್ಷದ ಅವಳು ತಣ್ಣೀರು ಕುಡಿದರೂ ಅಳತೊಡಗಿದಾಗ ಅಕ್ಕನೂ ಸೇರಿ ಮೂವರೂ ಹಲ್ಲಿನ ಡಾಕ್ಟರ ಬಳಿ ಹೋದೆವು.

"ಹೀಗೆ ಹಲ್ಲು ಸವೆಯೋದನ್ನ ಪೇಟೆ ಮಕ್ಕಳಲ್ಲಿ ನೋಡ್ತಿದ್ದೆ, ಈಗ ನಿಮ್ಮ ಹಳ್ಳೀಲೂ ಶುರುವಾಯ್ತು" ಎಂದರು ಅವರು. "ತಂಪು ಪಾನೀಯದಲ್ಲಿರೋ ಆಮ್ಲ ಹಲ್ಲಿನ ಮೇಲ್ಪದರಾನ ಮೆತ್ತಗೆ ಮಾಡುತ್ತೆ. ಕುಡಿದ ತಕ್ಷಣ ಉಜ್ಜಿದ್ರೆ ಇನ್ನೂ ಬೇಗ ಸವೆಯುತ್ತೆ."

"ಮತ್ತೆ ಬೆಳೆಯಲ್ವಾ?" ಎಂದೆ.

"ಇವು ಹಾಲುಹಲ್ಲಲ್ಲಪ್ಪ. ಸವೆದದ್ದು ಸವೀತು."

"ಅದನ್ನ ನಾವು ಮನೆಗೆ ತರೋದೇ ಇಲ್ಲ, ಬೇಕಾದ್ರೆ ಇವನನ್ನ ಕೇಳಿ" ಎಂದಳು ಅಕ್ಕ.

ಹಳ್ಳಿಹಳ್ಳಿಗೂ ಈ ದರಿದ್ರ ನೀರು ಸುರಿಯುವ ಕಂಪನಿಯ ಜನ್ಮ ಜಾಲಾಡಲು ನನ್ನ ನಾಲಿಗೆ ತುರಿಸುತ್ತಿತ್ತು. ಪುಟ್ಟಿ ಮಾತ್ರ ತುಟಿ ಬಿಗಿದು ಕೂತಿದ್ದಳು. ಸತ್ತರೂ ಮಾವನನ್ನು ಬಿಟ್ಟುಕೊಡುವವಳಲ್ಲ ಅವಳು.

"ತಂದವನು ನಾನೇ ಅಕ್ಕ" ಎಂದೆ. "ಉಜ್ಜಿಸಿದವನೂ ನಾನೇ."