ಎರಡನೆಯ ಪೊಟ್ಟಣ

ಮಧುರೈಯಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್‌ಸಿ.ಗೆ ನನಗೆ ಸೀಟು ಸಿಕ್ಕಿದ್ದು ೧೯೯೮ರ ಜೂನ್‌ನಲ್ಲಿ. ಸೋಮವಾರದೊಳಗೆ ಸೇರದಿದ್ದರೆ ಅದು ಬೇರೆಯವರ ಪಾಲು. ಅಪ್ಪ ಪೆರಿಯಣ್ಣನ್ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. “ಅಮ್ಮನ್ ಹತ್ರ ಪೂ ಕೇಳ್ ನೋಡಾಣ” ಅಂದರು.

ಹೂ ಕೇಳುವುದೆಂದರೆ, ಒಂದು ಬಿಳಿ ಹೂ, ಒಂದು ಕೆಂಪು ಹೂ ಬೇರೆ ಬೇರೆ ಬಾಳೆ ಎಲೆಯಲ್ಲಿ ಕಟ್ಟಿ ಊರ ದೇವಿ ಅಮ್ಮನ್ ಮುಂದಿಟ್ಟು, ಕಣ್ಣು ಮುಚ್ಚಿ ಒಂದನ್ನು ಎತ್ತುವುದು. ಬಿಳಿ ಬಂದರೆ ಮಗಳಿಗೆ ಓದು, ಕೆಂಪು ಬಂದರೆ ಮದುವೆ. ನಮ್ಮ ಮನೆಯಲ್ಲಿ ಪೊಟ್ಟಣ ಕಟ್ಟುವ ಹಕ್ಕು ಅಪ್ಪನ ತಾಯಿ ಕಮಲಮ್ಮಾಳ್ ಅವರದು. ನನಗೆ ಅಪ್ಪತ್ತಾ.

ಮಾರ್ಕಯನ್‌ಕೋಟ್ಟೈಯ ನಮ್ಮ ಬಾಳೆತೋಟದ ಬದುವಿನ ಮೇಲೆ ಮೂವರೂ ಗುಡಿಗೆ ಹೊರಟೆವು.

“ದೇವ್ರೇ ತಲೆ ಕೊಟ್ಟಿದ್ರೆ ಆ ತಲೇಲಿ ಯೋಚ್ನೆ ಮಾಡಪ್ಪಾ. ಪೊಟ್ಟಣ ಯಾಕೆ?” ಅಂದೆ.

“ನಿನ್ ತಲೆ ಕುರಂಗಿಂದ, ಕೋತಿಯಿಂದ ಬಂದದ್ದು ಅಂತ ನೀನೇ ಓದ್ಕೊಂಡ್ ಬಂದೀ. ಬಾಳೆಹಣ್ಣು ಕದಿಯಕ್ಕೆ ಆದ ತಲೆ ಅದು. ದೇವ್ರಿಲ್ಲ ಅಂತ ಅದು ಹೇಳಿದ್ರೆ ನಾನ್ ನಂಬ್ಬೇಕಾ, ಪುಳ್ಳೆ?”

“ಇಲ್ಲದ ಕೊಂಬೆ ಇದೆ ಅಂದ್ಕೊಂಡ ಕೋತಿ ಬಿದ್ದು ಸತ್ತೋಯ್ತು. ಸರಿಯಾಗಿ ನೋಡಿದ್ ಕೋತಿ ಮಕ್ಕಳು ನಾವು.”

“ಸರಿ, ಕೊಂಬೆ ಮಟ್ಟಿಗೆ ನಂಬ್ತೀನಿ. ಆದ್ರೆ ಕುರಂಗಿಗೆ ಬೇಕಾದ್ದು ಹಣ್ಣು. ನಿಜ ಕಟ್ಕೊಂಡು ಅದಕ್ಕೇನು?”

ನಾನು ಬಿ.ಎಸ್‌ಸಿ. ಓದಿದ ದಿಂಡಿಗಲ್ಲಿನ ಹಾಸ್ಟೆಲ್ ಲೈಬ್ರರಿಯ ಪುಸ್ತಕಗಳಲ್ಲಿ ಬಾಳೆ ಬೆಳೆಯುವವರು ವಾದಕ್ಕೆ ಬರುತ್ತಿರಲಿಲ್ಲ. “ನಂಗೆ ಮಾತ್ರ ನಿಜಾನೇ ಬೇಕು” ಅಂದುಬಿಟ್ಟೆ.

“ಎರಡು ತಲೇನೂ ನನ್ ಹೊಟ್ಟೇದೇ. ಬಾಯ್ ಮುಚ್ಕೊಂಡು ನಡೀರಿ” ಅಂದರು ಅಪ್ಪತ್ತಾ.

ಗುಡಿಯಲ್ಲಿ ಅಪ್ಪ ಕಣ್ಣು ಮುಚ್ಚಿ ಒಂದು ಪೊಟ್ಟಣ ಎತ್ತಿ ಬಿಚ್ಚಿದರು. ನಂದಿಬಟ್ಟಲು. ಬಿಳಿ.

“ಅಮ್ಮನೇ ಸೊಲ್ಲಿಟ್ಟಾ, ಹೇಳ್ಬಿಟ್ಲು!” ಅಂದರು ಅಪ್ಪ. “ಹೋಗು ಮಧುರೈಗೆ!”

ಉಳಿದ ಪೊಟ್ಟಣ ನಾನು ಎತ್ತಿಕೊಂಡೆ. ಎಲೆ ಮೂಲೆಯಲ್ಲಿ ಸೀಳಿತ್ತು. ಅಲ್ಲಿಂದ ಇಣುಕುತ್ತಿದ್ದ ಎಸಳೂ ಬಿಳಿ. ಅಪ್ಪತ್ತಾ ಕಡೆ ನೋಡಿದೆ. ಅವರು ಕೈ ಮುಗಿದು ಗೋಪುರ ನೋಡುತ್ತಿದ್ದರು. ಆ ಗುಡಿಗೆ ಗೋಪುರ ಇಲ್ಲ.

“ಅದ್ರಲ್ಲಿ ಕೆಂಪು ತಾನೇ?” ಅಂದರು ಅಪ್ಪ.

“ಕೆಂಪೇ ಅಪ್ಪಾ” ಅಂದು, ಬಾಗಿಲಲ್ಲಿ ನಿಂತಿದ್ದ ಆಡಿನ ಬಾಯಿಗೆ ಪೊಟ್ಟಣ ಇಟ್ಟೆ. ಅದು ದಾರವನ್ನೂ ಬಿಡಲಿಲ್ಲ.

ಅಪ್ಪ ಪ್ರಸಾದದ ಬಾಳೆಹಣ್ಣು ಕೊಟ್ಟರು. ಅಲ್ಲೇ ಸುಲಿದು ತಿಂದೆ.